ಅಪ್ಪನನ್ನು ಬುಶ್ ಲೀಗ್ ಎಂದ ಭಾನುವಾರ

ಒಮಾಹಾ,
೧೯೫೧ ಆಗಸ್ಟ್ ೯

ಪ್ರೀತಿಯ ಅಪ್ಪಾ,

ಮೊಣಕಾಲಿನ ಬಾವು ಇಳಿಯಿತೆ? ಎಣ್ಣೆ ಹಚ್ಚಲು ಅಡೆಲ್ ಚಿಕ್ಕಮ್ಮ ಬರುತ್ತಾಳೆ ತಾನೆ? ನೀನು ಊರಿಗೆ ಹೋಗಿ ಹನ್ನೊಂದು ದಿನವಾಯಿತು. ದಿನವೂ ಕಾಗದ ಹರವಿಕೊಂಡು ಕೂತು, ಬರೆಯಲಾರದೆ ಎದ್ದುಬಿಡುತ್ತಿದ್ದೆ.

ನಮ್ಮ ಮದುವೆ ಮಾತಾಡಲೆಂದು ನೀನು ಅಷ್ಟು ದೂರ ಬಸ್ಸಿನಲ್ಲಿ ಕೊರಿನ್ ಮನೆಗೆ ಬಂದೆ. ನೀನೇ ಹೊಗೆಯಲ್ಲಿಟ್ಟು ಮಾಡಿದ ಸಾಸೇಜನ್ನು ಪೇಪರಿನಲ್ಲಿ ಸುತ್ತಿ ತಂದಿದ್ದೆ, ಅದನ್ನು ಅವರ ಬಿಳಿ ಮೇಜುಬಟ್ಟೆಯ ಮೇಲೇ ಬಿಚ್ಚಿಟ್ಟೆ. ಕಾಫಿಯನ್ನು ಸಾಸರಿಗೆ ಬಗ್ಗಿಸಿ ಸೊರ್ರೆಂದು ಕುಡಿದೆ. ಕೊರಿನ್‌ಳ ಅಪ್ಪ, ಆ ವಕೀಲರು, ಹೆಂಡತಿಯ ಮುಖ ನೋಡಿದರು. ನನ್ನ ಕಿವಿ ಬಿಸಿಯಾಯಿತು. "ತಪ್ಪು ತಿಳ್ಕೋಬೇಡಿ, ನಮ್ಮಪ್ಪ ಸ್ವಲ್ಪ ಬುಶ್ ಲೀಗ್" ಎಂದುಬಿಟ್ಟೆ.

ನಿನ್ನ ಮುಖ ಅರಳಿತು. "ಸ್ವಲ್ಪ ಏನೋ! ಪೂರಾ ಹದಿನಾಲ್ಕು ವರ್ಷ ಬೇಸ್‌ಬಾಲ್ ಆಡಿದೀನಿ ಸ್ವಾಮಿ. ಹಿಟ್ಟಿನ ಗಿರಣಿ ತಂಡಕ್ಕೆ ನಾನೇ ಕ್ಯಾಚರ್ರು!" ಎಂದು ಚೆಂಡು ಬಡಿದು ಸೊಟ್ಟಗಾದ ಬೆರಳುಗಳನ್ನು ತೋರಿಸಿದೆ. ಊರಾಚೆಯ ಕಾಡು ಪ್ಲಮ್ ಪೊದೆಗಳನ್ನು ಕಡಿದು ನೀವೆಲ್ಲ ಮೈದಾನ ಮಾಡಿದ್ದು, ಅಂಥ ಪೊದೆಯೂರುಗಳ ಪಂದ್ಯಕ್ಕೆ ಪಟ್ಟಣದವರು 'ಬುಶ್ ಲೀಗ್', ಅಂದರೆ ಪೊದೆಗಳ ಲೀಗ್, ಎಂದು ಹೆಸರಿಟ್ಟದ್ದು, ಎಲ್ಲ ಹೇಳಿದೆ. ಅವರು ನಕ್ಕರು. ಮೆಚ್ಚಿ ನಗುತ್ತಿದ್ದಾರೆಂದು ನೀನೂ ನಕ್ಕೆ. ನಾನೂ ನಕ್ಕೆ ಅಪ್ಪಾ.

ಆ ಮಾತಿಗೆ ಇಲ್ಲಿ ಬೇರೆ ಅರ್ಥವಿದೆ. ಒರಟು, ಕೀಳು, ನಾಲ್ಕು ಜನರ ಮುಂದೆ ಕೂರಿಸಲಾಗದವನು ಎಂದು. ನಮ್ಮ ಆಫೀಸಿನಲ್ಲಿ ಕೆಲಸ ಕೆಡಿಸಿದವನನ್ನು ಹಾಗೆ ಆಡಿಕೊಳ್ಳುತ್ತಾರೆ. ನಾನು ಅಂದದ್ದೂ ಅದೇ ಅರ್ಥದಲ್ಲಿ. ಅಮ್ಮ ತೀರಿಕೊಂಡಾಗ, ನನ್ನನ್ನು ನೋಡಿಕೊಳ್ಳಲು ಯಾರೂ ಇಲ್ಲವೆಂದು ನೀನು ಆಟ ಬಿಟ್ಟೆಯಲ್ಲ, ಅದೊಂದನ್ನು ಮಾತ್ರ ನೀನು ಅವರಿಗೆ ಹೇಳಲಿಲ್ಲ. ಗೊತ್ತಿದ್ದ ನಾನೂ ಬಾಯಿಬಿಡಲಿಲ್ಲ. ಕನ್ನಡಿ ನೋಡಿಕೊಂಡು ಗಡ್ಡ ಹೆರೆಯಲೂ ನಾಚಿಕೆಯಾಗುತ್ತಿದೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಮಂಡಿಯೂರಿ ತೋಟದ ಕೆಲಸ ಮಾಡಬೇಡ.

ನಿನ್ನ ಮಗ,
ವೆಂಡೆಲ್

ವಿ. ಸೂ.: ಇದನ್ನೋದಿ ಕೊರಿನ್ ಅತ್ತಳು. ಆವತ್ತು ನೀನು ಅವಳ ಜೊತೆ ಪಾತ್ರೆ ಒರೆಸುತ್ತಾ, "ಆ ಮಾತಿಗೆ ಪಟ್ಟಣದಲ್ಲಿ ಬೇರೆ ಅರ್ಥ ಇದೆಯೇನಮ್ಮಾ?" ಎಂದು ಕೇಳಿದೆಯಂತೆ. ಅವಳು ನಿಜವನ್ನೇ ಹೇಳಿದಳಂತೆ. "ನಂಗೆ ಗೊತ್ತಾಯ್ತು ಅಂತ ಅವನಿಗೆ ಹೇಳ್ಬೇಡ, ನೊಂದ್ಕೋತಾನೆ" ಅಂದೆಯಂತೆ. ಎಲ್ಲ ಗೊತ್ತಿದ್ದೂ ಬಸ್ಸಿನ ಕಿಟಕಿಯಿಂದ ನನಗೆ ಕೈಬೀಸಿದೆಯಾ? ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಒಳಗೆ ಕರೆಯುವ ಮೊದಲು ಒಂದು ಸಲ ಬೈದುಬಿಡಪ್ಪಾ.