ಬಾ ಬಾ

6 ಫೆಬ್ರವರಿ 2003, ಗುರುವಾರ. ಕಿಲೆಲೆಶ್ವಾ.

ಈ ನಾಲಿಗೆಯನ್ನು ಏನು ಮಾಡಲಿ?

ಕರೆನ್ ಬಡಾವಣೆ ದಾಟಿದ ಮೇಲೆ ಸಿಗುವ ನಮ್ಮ ತಗಡಿನ ಶಾಲೆಯಲ್ಲಿ ನಾನು ಪಾಠ ಹೇಳಲು ಶುರುಮಾಡಿ ಇವತ್ತಿಗೆ ನಾಲ್ಕನೆಯ ದಿನ. ಒಂದೇ ಕೋಣೆ, ಮೂರು ಕ್ಲಾಸು, ಒಂದು ಬೋರ್ಡು. ಹಿಂದಿನ ಬೆಂಚಿನ ನ್ಯಾಂಬುರಾ ಸೋಮವಾರದಿಂದ ಒಂದು ಮಾತೂ ಆಡಿರಲಿಲ್ಲ. ಅವಳನ್ನು ಬೋರ್ಡಿನ ಹತ್ತಿರ ಕರೆಯುವಾಗ, ಮನೆಯಲ್ಲಿ ಮಗನನ್ನು ಕರೆಯುವ ಹಾಗೆ, ‘ಬಾ ಬಾ’ ಅಂದುಬಿಟ್ಟೆ. ಹುಡುಗಿ ನನ್ನ ಕಡೆ ಬರಲಿಲ್ಲ. ಬಾಗಿಲಿಗೆ ಓಡಿಹೋಗಿ ರಸ್ತೆ ನೋಡುತ್ತ ನಿಂತಳು.

ಇಲ್ಲಿಯ ಮಕ್ಕಳ ಸ್ವಾಹಿಲಿಯಲ್ಲಿ ಬಾಬಾ ಅಂದರೆ ಅಪ್ಪ. ನನಗೆ ಗೊತ್ತಿಲ್ಲದ್ದೇನಲ್ಲ, ಬಾಯಿಗೆ ನೆನಪಾಗಲಿಲ್ಲ. ಅವಳಪ್ಪ ಕೆಲಸಕ್ಕೆಂದು ಮೊಂಬಾಸಾಗೆ ಹೋಗಿ ಎರಡು ವರ್ಷವಾಯಿತಂತೆ, ಸುದ್ದಿಯೇ ಇಲ್ಲವಂತೆ. ಶಾಲೆಯಲ್ಲಿ ಗಂಜಿ ಬೇಯಿಸುವ ಟಬಿಥಾ ಆಮೇಲೆ ಹೇಳಿದಳು.

ರಾತ್ರಿ ಮನೆಯಲ್ಲಿ ಸಾತ್ವಿಕ್‌ನನ್ನು ಊಟಕ್ಕೆ ಕರೆಯಲು ಹೋಗಿ, ‘ಬಾ’ ಅನ್ನಲಾಗದೆ ತಡವರಿಸಿದೆ. ‘ವಾಟ್, ಅಮ್ಮಾ?’ ಅಂದ. ಇವರು ಎಲ್ಲ ಕೇಳಿ, ‘ಚಿಕ್ಕ ಮಗು ಕಣೇ, ಇಷ್ಟೊತ್ತಿಗೆ ಮರ್ತಿರ್ತಾಳೆ’ ಅಂದರು.

ಮರೆತಿಲ್ಲ. ಇವರಿಗೆ ನಾನು ಪೂರ್ತಿ ಹೇಳಲಿಲ್ಲ. ಶಾಲೆ ಬಿಟ್ಟು ಎಲ್ಲರೂ ಹೋದ ಮೇಲೆ ಅವಳು ನನ್ನ ದುಪಟ್ಟಾದ ತುದಿ ಹಿಡಿದು, ಮೊದಲ ಸಲ ಬಾಯಿಬಿಟ್ಟಳು.

‘ಟೀಚರ್, ಅವನಿಗೆ ಕೇಳಿಸಲಿಲ್ಲ. ನಾಳೆ ಇನ್ನೂ ಜೋರಾಗಿ ಕರೀರಿ.’