ಬಚ್ಚಲಿಗೆ ಬಂದ ಏಡಿ

ಭಾನುವಾರ, ಮಧ್ಯಾಹ್ನ

ನನ್ನ ಗುಂಡಮ್ಮನಿಗೆ,

ನೀನು ಸೊರಗಿ ಕಡ್ಡಿಯಾಗಿದ್ದರೂ ಅಕ್ಕನಿಗೆ ಗುಂಡಮ್ಮನೇ. ಕಾಗದ ಬಂತೆಂದು ಗಾಬರಿಯಾಗಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ.

ಪಟ್ಟಣದ ಕೊಳಚೆ ನೀರನ್ನು ಸಮುದ್ರಕ್ಕೆ ಬಿಡುವ ಮೊದಲು ಹೇಗೆ ಶುದ್ಧ ಮಾಡಬೇಕೆಂದು ಆರಿಸುವ ಕೆಲಸವನ್ನು ಪುರಸಭೆಯ ಎಂಜಿನಿಯರೆಂದು ನನ್ನ ತಲೆಗೆ ಕಟ್ಟಿದ್ದು ನಿನಗೆ ಗೊತ್ತೇ ಇದೆ. ಸಮಿತಿಯವರಿಗೆ ಯಂತ್ರದ ಘಟಕವೇ ಬೇಕಿತ್ತು. ಒಂದು ಕಟ್ಟಡದೊಳಗೆ ಎಲ್ಲ ಮುಗಿಯುತ್ತದೆ, ಹೊರಗೆ ಹೂಗಿಡ ನೆಡಬಹುದು. ಕೂಸು ಹುಟ್ಟುವ ಮುನ್ನವೇ ಕುಲಾವಿ ಎಂಬಂತೆ ಉದ್ಘಾಟನೆಗೆ ಯಾರನ್ನು ಕರೆಯುವುದೆಂದೂ ಮಾತಾಗಿತ್ತು. ನನಗೂ ಅದೇ ಬೇಕಿತ್ತು. ಯಾಕೆಂದು ಆಮೇಲೆ ಹೇಳುತ್ತೇನೆ.

ಅಷ್ಟರಲ್ಲಿ ನಿನ್ನ ಏಡಿ ಬಂತು. ಉಬ್ಬರ ಜೋರಾದಾಗ ಬಚ್ಚಲ ಕೊಳವೆಯಿಂದ ಪುಟಾಣಿ ಏಡಿ ಹತ್ತಿ ಬಂತು, "ಬಾಡಿಗೆ ಕೇಳಿದೀನಿ ಅಕ್ಕ" ಎಂದೆಯಲ್ಲ, ನಾನೂ ನಕ್ಕೆ. ಫೋನಿಟ್ಟ ಮೇಲೆ ನಗು ನಿಂತಿತು. ಏಡಿ ಬರುವ ದಾರಿಯಲ್ಲಿ ಸಮುದ್ರವೂ ಬರುತ್ತಿರಬೇಕು. ನಾವು ಪರೀಕ್ಷೆಗೆ ನೀರು ಹಿಡಿಯುತ್ತಿದ್ದದ್ದು ಯಾವಾಗಲೂ ಇಳಿತದಲ್ಲಿ. ಉಬ್ಬರದಲ್ಲಿ, ಕೊಳಚೆ ಕೊಳವೆಗಳು ಬಂದು ಸೇರುವ ಆ ತಗ್ಗಿನ ಗುಂಡಿಯ ಮುಚ್ಚಳವೇ ಮುಳುಗಿರುತ್ತದೆ, ಯಾರು ಇಳಿಯುತ್ತಾರೆ? ಬೂಟು ನೆನೆಯದ ಹೊತ್ತು ನೋಡಿ ಹಿಡಿದ ನೀರಿನಲ್ಲಿ ಉಪ್ಪು ಎಲ್ಲಿಂದ ಸಿಗಬೇಕು! ಈ ಸಲ ಉಬ್ಬರದಲ್ಲೇ ಹಿಡಿಸಿದೆ. ಅರ್ಧಕ್ಕರ್ಧ ಸಮುದ್ರದ ನೀರು.

ಕೊಳೆಯನ್ನು ತಿನ್ನುವುದು ಕಣ್ಣಿಗೆ ಕಾಣದ ಜೀವಿಗಳು. ಯಂತ್ರದ ಇಕ್ಕಟ್ಟಿನ ತೊಟ್ಟಿಗೆ ಉಬ್ಬರ ಬಂದಾಗಲೆಲ್ಲ ಹೀಗೆ ಉಪ್ಪು ನುಗ್ಗಿದರೆ ಅವು ಸಾಯುತ್ತವೆ. ಕೊಳೆ ಈಗಿನಂತೆಯೇ ಕಡಲಿಗೆ ಸೇರುತ್ತದೆ, ಅಲ್ಲಿ ಆಡಿದ ಮಕ್ಕಳು ಈಗಿನಂತೆಯೇ ಮೈ ತುರಿಸಿಕೊಳ್ಳುತ್ತವೆ. ಸಮುದ್ರವನ್ನು ಒಳಗೆ ಬಿಡುವ ತೂತು ಬಿದ್ದ ಕೊಳವೆಗಳನ್ನೆಲ್ಲ ಬದಲಿಸುವಷ್ಟರಲ್ಲಿ ನಾವಿಬ್ಬರೂ ಮುದುಕಿಯರಾಗಿರುತ್ತೇವೆ. ಉಪ್ಪನ್ನು ತಾಳಿಕೊಳ್ಳುವುದು ಅಗಲವಾದ ಕೊಳಗಳು. ಒಂದರಿಂದ ಒಂದಕ್ಕೆ ನೀರು ನಿಧಾನವಾಗಿ ಸರಿಯುತ್ತದೆ, ಉಪ್ಪು ಹರಡಿ ತೆಳುವಾಗುತ್ತದೆ. ಅದಕ್ಕೆ ತಗ್ಗಿನ ಬಯಲು ಬೇಕು. ಈ ಪಟ್ಟಣಕ್ಕೆ ಉಳಿದಿರುವುದು ಒಂದೇ ಬಯಲು.

ನಿನ್ನದು ಕಣೇ. ನೀನು ಬಲೆ ಹರವುವ ಜಾಗ, ಶೆಡ್ಡು, ಹಿಂದಿನ ಕೋಣೆ, ಆ ಬಚ್ಚಲು, ಎಲ್ಲವೂ. ಗಂಡ ಬಿಟ್ಟುಹೋದ ಮೇಲೆ ಯಾರ ಮುಂದೂ ಕೈಚಾಚದೆ ಬಲೆ ಹೆಣೆದು ನೀನು ತಲೆಯೆತ್ತಿದ ಜಾಗ. ಅದಕ್ಕೇ ನನಗೆ ಯಂತ್ರ ಬೇಕಿತ್ತು. ನಿನ್ನೆ ಕೊಳಗಳೇ ಆಗಲಿ ಎಂದು ಸಹಿ ಹಾಕಿ ಬಂದೆ.

ಬೇರೆ ಜಾಗ ಕೊಡುತ್ತಾರಂತೆ. ದಡದಿಂದ ದೂರ, ದೋಣಿಯವರು ಅಲ್ಲಿಯವರೆಗೆ ಬಲೆ ಹೊತ್ತು ತರುತ್ತಾರೆಂದು ನನಗಂತೂ ನಂಬಿಕೆಯಿಲ್ಲ. ತಪ್ಪು ಮಾಡಿದೆನೆಂದು ಅನಿಸಿದ್ದರೆ ಅತ್ತು ಹಗುರವಾಗುತ್ತಿದ್ದೆ. ಅದೂ ಅನಿಸುತ್ತಿಲ್ಲ. ಬರೀ ಸುಸ್ತು. ತಿಂಡಿಯ ತಟ್ಟೆ ಬೆಳಗಿನಿಂದ ಮೇಜಿನ ಮೇಲೇ ಇದೆ, ಎತ್ತಿಡಲು ಏಳಲಾಗುತ್ತಿಲ್ಲ.

ಬೈಯಬೇಕೆನಿಸಿದರೆ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ನಿನ್ನ
ಅಕ್ಕ

ಮತ್ತೆ: ಸಭೆಯಲ್ಲಿ ಅಧ್ಯಕ್ಷರು ನಕ್ಷೆಯ ಮೇಲೆ ಬೆರಳಿಟ್ಟು ಈ ಶೆಡ್ಡು ಯಾರದ್ದು ಎಂದು ಕೇಳಿದರು. "ಯಾರೋ ಬಲೆ ಹೆಣೆಯೋ ಹೆಂಗಸಿಂದು" ಅಂದುಬಿಟ್ಟೆ. ಬುಧವಾರ ಅಳತೆಯವರ ಜೊತೆ ನಾನೂ ಬರುತ್ತೇನೆ. ನನ್ನನ್ನು ತೋರಿಸಿ ಈ ಮೇಡಂ ನಿಮಗೆ ಗೊತ್ತಾ ಎಂದು ಅವರು ಕೇಳಿದರೆ, ನಿನಗೆ ತೋಚಿದ್ದು ಹೇಳು.