ಹಳೆಯ ನ್ಯಾಯಾಲಯದ ಬಾಲ್ಕನಿ ಕೆಳಗೆ ಜನರನ್ನು ನಿಲ್ಲಿಸಬೇಡಿ

ಪಾರಂಪರಿಕ ಬೀದಿಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಹಳೇ ಪೇಟೆಯ ಕಾಲ್ನಡಿಗೆ ಪ್ರವಾಸಕ್ಕೆ ನೀವು ಗೊತ್ತುಮಾಡಿರುವ ಏಳನೇ ನಿಲುಗಡೆ, ಅಂದರೆ ಹಳೆಯ ನ್ಯಾಯಾಲಯದ ಬಾಲ್ಕನಿ, ಬೀಳಲಿದೆ. ಅದರ ಕೆಳಗೆ ಪ್ರತಿ ಭಾನುವಾರ ಮೂವತ್ತು ಜನರನ್ನು ಎಂಟು ನಿಮಿಷ ನಿಲ್ಲಿಸುತ್ತಿದ್ದೀರಿ. ಅವರಿಗೆ ಕಥೆ ಹೇಳುವವಳು ನನ್ನ ಅಕ್ಕ. ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಕಿಟಕಿಯ ಮುಂದೆ ನಿಂತರೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಐದನೇ ತರಗತಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಗಾರೆ ಕೆಲಸಕ್ಕೆ ಬಂದವಳು. ಹಳೆಯ ಗೋಡೆಯಲ್ಲಿ ಬಿರುಕು ಕಂಡರೆ ನಾವು ತಕ್ಷಣ ಮುಚ್ಚುವುದಿಲ್ಲ. ಬೆರಳಗಲದ ತೆಳು ಗಾಜಿನ ಪಟ್ಟಿಯನ್ನು ಅದಕ್ಕೆ ಅಡ್ಡಲಾಗಿಟ್ಟು, ಎರಡು ತುದಿಗೂ ಗಾರೆ ಮೆತ್ತಿ, ಪಕ್ಕದಲ್ಲಿ ತಾರೀಖು ಬರೆಯುತ್ತೇವೆ. ಗಾಜು ಹಾಗೇ ಉಳಿದರೆ ಗೋಡೆ ಹಳೆಯ ಗಾಯ ಹೊತ್ತು ಸುಮ್ಮನೆ ನಿಂತಿದೆ ಎಂದರ್ಥ. ಒಡೆದರೆ ಗೋಡೆ ಇನ್ನೂ ಜರುಗುತ್ತಿದೆ. ಬಾಲ್ಕನಿ ಹೊತ್ತ ಗೋಡೆಗೆ ಅಪ್ಪ ಇಂಥ ಮೂರು ಗಾಜು ಹಚ್ಚಿದ್ದರು. ಒಂದೇ ತಿಂಗಳಲ್ಲಿ ಎರಡು ಒಡೆದವು.

ಆಮೇಲೆ ನಿಮ್ಮ ಬಣ್ಣದವರು ಬಂದರು. ಫೋಟೋದಲ್ಲಿ ಕೊಳಕಾಗಿ ಕಾಣುತ್ತದೆಂದು ಗಾಜನ್ನೆಲ್ಲ ಕೆರೆದು, ಬಿರುಕಿಗೆ ಪುಟ್ಟಿ ತುಂಬಿ, ಬೆಣ್ಣೆ ಬಣ್ಣ ಬಳಿದರು. ನಿಮ್ಮ ಕಡತದಲ್ಲಿ ‘ಬಿರುಕು ದುರಸ್ತಿಯಾಗಿದೆ’ ಎಂದಿದೆಯಂತೆ. ಜ್ವರ ಬಂದವನ ಮುಖಕ್ಕೆ ಪೌಡರ್ ಹಚ್ಚಿ ‘ಗುಣವಾಯಿತು’ ಎಂದು ಬರೆದುಕೊಂಡ ವೈದ್ಯರಿಗೆ ನೀವು ಏನನ್ನುತ್ತೀರಿ? ಬಡ್ತಿ ಕೊಡುತ್ತೀರೇನೋ.

ನಿಮ್ಮ ಕಚೇರಿಗೆ ಮೂರನೇ ಸಲ ಬಂದಾಗ ಅಪ್ಪನೂ ಜೊತೆಗಿದ್ದರು. ನಿಮ್ಮ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, “ಏನ್ರೀ ಮೇಸ್ತ್ರಿ, ಇನ್ನೂರು ವರ್ಷ ನಿಂತಿರೋ ಗೋಡೆ ನಿಮ್ಮ ಮಗಳು ನೋಡಿದ ತಕ್ಷಣ ಬೀಳುತ್ತಾ? ಅಷ್ಟು ಕೆಟ್ಟ ಕಣ್ಣಾ?” ಎಂದು ನಕ್ಕರು.

“ಬೀಳೋ ಹಿಂದಿನ ದಿನ ಎಲ್ಲಾ ಗೋಡೆನೂ ನಿಂತೇ ಇರುತ್ತೆ ಸ್ವಾಮಿ” ಎಂದರು ಅಪ್ಪ.

“ಅರ್ಜಿ ಕೊಟ್ಟು ಹೋಗಿ.”

“ಇದು ಮೂರನೇದು.”

“ಹಾಗಾದ್ರೆ ಅಭ್ಯಾಸ ಆಗಿರುತ್ತೆ, ಕೊಡಿ.”

ಕಳೆದ ಭಾನುವಾರ ನಾನೂ ಗುಂಪಿನ ಹಿಂದೆ ನಡೆದೆ. ಕಲ್ಲುಹಾಸಿನ ಬೀದಿ, ಹಸಿರು ಕಿಟಕಿಗಳು, ಗಡಿಯಾರದ ಗೋಪುರ, ಎಲ್ಲವೂ ಚೆಂದವೇ. ಬಾಲ್ಕನಿಯ ಕೆಳಗೆ ಅಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಕಡಲಾಚೆಯಿಂದ ಬಂದು ಆಳಿದವರು ಇಲ್ಲಿಂದಲೇ ಶಿಕ್ಷೆ ಓದಿ ಹೇಳುತ್ತಿದ್ದರು, ಕೆಳಗಿದ್ದವರು ತಲೆಯೆತ್ತಿ ಕಾಯುತ್ತಿದ್ದರು ಎಂದಳು. ಮೂವತ್ತು ಜನವೂ ತಲೆಯೆತ್ತಿದರು. ಅಷ್ಟರಲ್ಲಿ ಅವಳ ಹೆಗಲ ಮೇಲೆ ಸುಣ್ಣದ ಪುಡಿ ಉದುರಿತು. ಕೊಡವಿಕೊಂಡು, “ಸಾಹೇಬರು ಮೇಲೆ ಈಗಷ್ಟೇ ಎದ್ದು ಮೈ ಮುರೀತಿದ್ದಾರೆ” ಎಂದಳು. ಎಲ್ಲರೂ ನಕ್ಕರು. ನಾನು ಬಣ್ಣದ ಮೇಲೆ ಮೂಡಿದ್ದ ಕೂದಲೆಳೆಯಂಥ ಗೆರೆ ನೋಡುತ್ತಿದ್ದೆ. ಅದು ಹಳೆಯ ಬಿರುಕಿನ ದಾರಿಯಲ್ಲೇ ಇಳಿದಿತ್ತು. ಹಿಂದೆ ಸಲೀಸಾಗಿ ತೆರೆಯುತ್ತಿದ್ದ ಪಕ್ಕದ ಬಾಗಿಲು ಈಗ ಚೌಕಟ್ಟಿಗೆ ಕಚ್ಚಿಕೊಂಡಿದೆ. ಕಾವಲುಗಾರ ಭುಜ ಕೊಟ್ಟು ನೂಕುತ್ತಾನೆ. ಜರುಗಿದ್ದು ಗೋಡೆ, ಅವನ ಲೆಕ್ಕದಲ್ಲಿ ಅದು ಬಾಗಿಲಿನ ತಪ್ಪು.

ಮನೆಗೆ ಬಂದ ಮೇಲೆ, “ಅಕ್ಕಾ, ಆ ಜಾಗ ಒಂದನ್ನ ಬಿಟ್ಟುಬಿಡೇ” ಎಂದೆ.

“ಬಿಡ್ತೀನಿ. ನಿಲುಗಡೆ ತಪ್ಪಿಸಿದೆ ಅಂತ ಕೆಲಸದಿಂದ ತೆಗೀತಾರೆ. ಆಮೇಲೆ ನಿನ್ನ ಜೊತೆ ಕೂತು ಗಾರೆ ಕಲಸಲಾ?” ಎಂದಳು.

ಅವಳಿಗೂ ಭಯವಿದೆ. ಭಾನುವಾರ ಬೆಳಿಗ್ಗೆ ಅವಳ ತಟ್ಟೆ ಹಾಗೇ ಉಳಿಯುತ್ತದೆ.

ಸೋಮವಾರ ಆ ಗೆರೆಯ ಮೇಲೆ ನಾನೇ ಹೊಸ ಗಾಜು ಹಚ್ಚಿದೆ. ಗುರುವಾರ ಒಡೆದಿತ್ತು. ಎರಡು ಚೂರುಗಳ ನಡುವೆ ಈಗ ನನ್ನ ಉಗುರು ಹೋಗುತ್ತದೆ.

ಈ ಭಾನುವಾರ ಎರಡು ಗುಂಪುಗಳನ್ನು ಒಟ್ಟಿಗೆ ಕರೆದೊಯ್ಯುವುದಾಗಿ ನೀವು ಪ್ರಕಟಿಸಿದ್ದೀರಿ. ಶನಿವಾರ ಸಂಜೆಯೊಳಗೆ ಬಾಲ್ಕನಿಯ ಸುತ್ತ ಹಗ್ಗ ಕಟ್ಟಿಸಿ, ಅದಕ್ಕೆ ಆಸರೆಯ ಕಂಬ ಕೊಡಿಸಿ, ನಿಲುಗಡೆಯನ್ನು ಬೀದಿಯ ಆಚೆ ಬದಿಗೆ ಸರಿಸಿ. ಇದಕ್ಕಾಗಿ ಅಕ್ಕನ ಕೆಲಸ ಕಿತ್ತುಕೊಳ್ಳುವುದಿಲ್ಲವೆಂದು ಬರೆದುಕೊಡಿ. ಇಲ್ಲವಾದರೆ ಭಾನುವಾರ ನಾನೂ ಅಪ್ಪನೂ ಕೈ ಕೈ ಹಿಡಿದು ಅಲ್ಲಿ ಅಡ್ಡ ನಿಂತಿರುತ್ತೇವೆ. ಅರವತ್ತು ಜನರನ್ನು ಬಾಲ್ಕನಿಯ ಕೆಳಗೆ ಕರೆದೊಯ್ಯಬೇಕಾದರೆ ಅಕ್ಕ ಮೊದಲು ನಮ್ಮನ್ನು ತಳ್ಳಬೇಕಾಗುತ್ತದೆ. ತಳ್ಳೆಂದು ಆದೇಶ ಕೊಡುವುದಾದರೆ, ದಯವಿಟ್ಟು ಕಚೇರಿಯಿಂದ ಕೊಡಬೇಡಿ. ಆ ಬಾಲ್ಕನಿಯ ಕೆಳಗೆ, ಅವಳ ಪಕ್ಕದಲ್ಲಿ ನಿಂತು ಕೊಡಿ.

ಇಂತಿ,
ನಿಮ್ಮ ಬೆಣ್ಣೆ ಬಣ್ಣದ ಹಿಂದೇನಿದೆಯೆಂದು ತಿಳಿದ ತಪ್ಪಿಗೆ ನಿದ್ದೆಗೆಟ್ಟ
ಒಬ್ಬ ಗಾರೆ ಕೆಲಸದವಳು